ಕಟ್ಟಿಗೊಂದು ಜೋಡಿ

ಅಕ್ಕನಿಗೆ ಸುಸ್ತಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅರ್ಧ ಕಾರಣ ಅದೇ. ಒಂದು ದಿನ ಹೆಚ್ಚು ದುಡಿದು ಬಂದ ಸುಸ್ತಾಗಿದ್ದರೆ ಮಲಗಿ ಎದ್ದರೆ ಹೋಗುತ್ತಿತ್ತು. ಇದು ಹಾಗಲ್ಲ. ತಿಂಗಳುಗಟ್ಟಲೆ ತಾಯಿಯ ಹಾಸಿಗೆ ಪಕ್ಕ ಕೂತು, ಚಮಚದಲ್ಲಿ ಗಂಜಿ ಹಿಡಿದು, ಕುಡಿಸಿದ್ದು ವಾಪಸ್ ಬಂದಾಗ ಬಟ್ಟಲು ಹಿಡಿದು, ಕೊನೆಗೊಂದು ದಿನ ಹಿಡಿಯುವುದಕ್ಕೆ ಏನೂ ಇಲ್ಲದೆ ಕೈ ಖಾಲಿಯಾದಾಗ ಬಂದು ಕೂತ ಸುಸ್ತು. ಬಂದದ್ದು ಎದ್ದು ಹೋಗುವ ಲಕ್ಷಣವೇ ಕಾಣಲಿಲ್ಲ.

ಅವಳನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ತಮ್ಮ, ತಂಗಿ ಕರೆಯುವುದು ಸರಿ. ಆದರೆ ಕಾಲುಚೀಲದ ಕಾರ್ಖಾನೆಯಲ್ಲಿ ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ, ಕೂದಲೆಲ್ಲ ನೆರೆತ ಮೇಸ್ತ್ರಿಯೂ "ಅಕ್ಕಾ, ಈ ಕಟ್ಟು ಆಯ್ತಾ?" ಎಂದೇ ಕೇಳುತ್ತಿದ್ದ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಒಮ್ಮೆ ಬ್ಯಾಂಕಿನಲ್ಲಿ ಆ ಹೆಸರು ಕೂಗಿದಾಗ ಅವಳು ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದ್ದಳಂತೆ. ತಂಗಿ ಇದನ್ನು ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಕಾರ್ಖಾನೆಯಲ್ಲಿ ಅವಳದು ತಪಾಸಣೆಯ ಮೇಜು. ಮೇಜಿನ ಮೇಲೆ ಒಂದು ಮರದ ಕಾಲನ್ನು ಜಡಿದಿದ್ದರು, ಪಾದ ಮೇಲೆ ಮಾಡಿ. ಯಂತ್ರದಿಂದ ಬಂದ ಕಾಲುಚೀಲಗಳನ್ನು ಕಟ್ಟು ಕಟ್ಟಾಗಿ ಅವಳ ಎಡಗಡೆ ಪೇರಿಸುತ್ತಿದ್ದರು. ಅವಳು ಪ್ರತಿ ಕಟ್ಟಿನಿಂದ ಒಂದು ಜೋಡಿ ಎಳೆದು, ಒಳಗಿನದು ಹೊರಗೆ ಬರುವಂತೆ ತಿರುಗಿಸಿ, ಮರದ ಕಾಲಿಗೆ ತೊಡಿಸಿ, ಬೆರಳ ತುದಿಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಆ ಜೋಡಿ ಸರಿಯಿದ್ದರೆ ಇಡೀ ಕಟ್ಟಿಗೆ ಮುದ್ರೆ ಬಿದ್ದು ಬಲಗಡೆಗೆ ಹೋಗುತ್ತಿತ್ತು. ಎಳೆ ಬಿಟ್ಟಿದ್ದರೆ ಮಾತ್ರ ಕಟ್ಟು ಬಿಚ್ಚುವುದು. ಒಂದೊಂದನ್ನೂ ನೋಡುತ್ತಾ ಕೂತರೆ ಊರಿನವರೆಲ್ಲ ಬರಿಗಾಲಲ್ಲಿ ಓಡಾಡಬೇಕಾಗುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದ. ಅದೂ ನಿಜವೇ.

ಮನೆಯಲ್ಲಿ ಅವಳ ಕೆಲಸ ಇನ್ನೂ ಸುಲಭ: ಯಾರು ಎಲ್ಲಿಗೆ ಹೋಗಬೇಕಾಗಿದ್ದರೂ ಅವರ ಬದಲು ಅವಳು ಹೋಗುವುದು. ತಮ್ಮ ಸಿಟಿ ಬಸ್ಸಿನ ಡ್ರೈವರ್. ಅವನ ಮಕ್ಕಳ ಶಾಲೆಯ ಸಭೆಗೆ ಅಕ್ಕ ಹೋಗುತ್ತಿದ್ದಳು, ಅವನ ಮನೆಯ ನೀರಿನ ದೂರಿಗೆ ಅಕ್ಕ ಸಾಲಿನಲ್ಲಿ ನಿಲ್ಲುತ್ತಿದ್ದಳು. ತಂಗಿ ಎರಡು ಕುರ್ಚಿಯ ಸಲೂನ್ ಇಟ್ಟುಕೊಂಡು ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ನಲವತ್ತು ದಾಟಿದ್ದರೂ ಅವಳು ಇನ್ನೂ ಪುಟ್ಟಿಯೇ. ಪುಟ್ಟಿಯ ಅಂಗಡಿಯ ಮೀಟರು ಕೆಟ್ಟರೆ ಕಚೇರಿಗೆ ಅಕ್ಕ, ಪುಟ್ಟಿ ಗಂಡನನ್ನು ಬಿಟ್ಟು ಬಂದಾಗ ಅವನ ಮನೆಗೆ ಹೋಗಿ ಪೆಟ್ಟಿಗೆ ತಂದವಳೂ ಅಕ್ಕ. ಮನೆಯಲ್ಲಿ ಇಂಥವರು ಒಬ್ಬರಿದ್ದರೆ ಸಾಕು, ಮಿಕ್ಕವರ ಕಾಲಿಗೆ ಕೆಲಸವೇ ಇರುವುದಿಲ್ಲ. ಆಮೇಲೆ ಅವರೇ "ನಮ್ಮಕ್ಕನಿಗೆ ಓಡಾಡೋದು ಅಂದ್ರೆ ಇಷ್ಟ" ಎಂದು ಸರ್ಟಿಫಿಕೇಟು ಬೇರೆ ಕೊಡುತ್ತಾರೆ.

ತಾಯಿಗೆ ಬಂದದ್ದು ಹೊಟ್ಟೆಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಸೋದರಮಾವನೂ ಹಿಂದೆ ಹೀಗೇ ಸವೆದು ಸವೆದು ಹೋಗಿದ್ದ. ಆಗ ಅದಕ್ಕೆ ಯಾರೂ ಹೆಸರು ಹೇಳಿರಲಿಲ್ಲ, 'ಹೊಟ್ಟೆನೋವು' ಎಂದಿದ್ದರು ಅಷ್ಟೆ. ತಾಯಿಯನ್ನು ನೋಡುತ್ತಿದ್ದ ಡಾಕ್ಟರು, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಒಬ್ಬ ಹೆಂಗಸು, ಮೂವರು ಮಕ್ಕಳನ್ನೂ ವಾರ್ಡಿನ ಹೊರಗೆ ನಿಲ್ಲಿಸಿಕೊಂಡು ಹೇಳಿದ್ದರು: "ನೀವು ಮೂರು ಜನವೂ ಬಂದು ಒಂದು ಸಲ ಹೊಟ್ಟೆ ತೋರಿಸ್ಕೊಳ್ಳಿ. ಬರೀ ನೋಡೋದಲ್ಲ, ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಬೇಕು. ಕಣ್ಣಿಗೆ ಚೆನ್ನಾಗಿ ಕಾಣೋದೆಲ್ಲ ಚೆನ್ನಾಗಿರಲ್ಲ." ಮೂವರೂ ತಲೆಯಾಡಿಸಿದ್ದರು.

ಅಮ್ಮ ಹೋಗಿ ಕೆಲವು ವಾರಗಳಾದ ಮೇಲೆ ಅಕ್ಕ ಆ ಮಾತು ಎತ್ತಿದಳು. ಮೂವರೂ ಅಮ್ಮನ ಅಡುಗೆಮನೆಯಲ್ಲಿ ಕೂತಿದ್ದರು. ಈಗ ಅಲ್ಲಿ ಅಕ್ಕ ಒಬ್ಬಳೇ ಇರುವುದು; ಎರಡನೇ ಮಹಡಿ, ಕಿಟಕಿ ತೆಗೆದರೆ ಎದುರಿನ ಗೋಡೆ. ತಮ್ಮ ಟೀ ಲೋಟ ತಿರುಗಿಸುತ್ತಾ ಸ್ವಲ್ಪ ಹೊತ್ತು ಯೋಚಿಸುವವನ ಹಾಗೆ ನಟಿಸಿದ. ಆಮೇಲೆ ಅವನ ಮುಖ ಅರಳಿತು.

"ಅಕ್ಕಾ, ಮೂರು ಜನ ಯಾಕೆ? ನೀನೇ ಹೇಳ್ತಿರ್ತೀಯಲ್ಲ, ಕಟ್ಟಿಗೊಂದು ಜೋಡಿ ನೋಡಿದ್ರೆ ಸಾಕು ಅಂತ. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಒಲೆಯ ಅನ್ನ. ನಾವು ಮೂವರೂ ಒಂದೇ ಕಟ್ಟು. ನೀನು ಹೋಗಿ ಬಾ. ನೀನು ಪಾಸಾದ್ರೆ ನಾವೂ ಪಾಸು."

"ಅಯ್ಯೋ, ಹೌದಲ್ಲ!" ಎಂದಳು ಪುಟ್ಟಿ. ಅವಳಿಗೆ ಶನಿವಾರ ಅಂಗಡಿ ಮುಚ್ಚುವುದು ತಪ್ಪಿತಲ್ಲ ಎಂಬ ಖುಷಿ.

ಇದು ಮೂರ್ಖತನ ಎಂದು ಅಕ್ಕನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂದು ಹುಟ್ಟಿದಾಗಿನಿಂದ ಕೇಳಿದ ಕಿವಿಗಳು ಅವು. ಮೇಲಾಗಿ ಜಗಳಕ್ಕೆ ಬೇಕಾದ ತ್ರಾಣ ಅವಳಲ್ಲಿರಲಿಲ್ಲ. ಇಬ್ಬರ ಜತೆ ವಾದ ಮಾಡುವುದಕ್ಕಿಂತ ಗಂಟಲಿಗೆ ಒಂದು ಕೊಳವೆ ಇಳಿಸಿಕೊಂಡು ಬರುವುದೇ ವಾಸಿ ಅನ್ನಿಸಿತು. "ಆಗಲಿ, ಹೋಗ್ತೀನಿ" ಎಂದು ಲೋಟಗಳನ್ನು ತೊಳೆಯಲು ಎದ್ದಳು.

ಹೋದಳು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಗಂಟಲಿಗೆ ಕಹಿ ಔಷಧಿ ಸಿಂಪಡಿಸಿದರು. ನಾಲಿಗೆ ಬೇರೆ ಯಾರದೋ ಎನ್ನಿಸತೊಡಗಿತು. ಎಡ ಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯೊಂದನ್ನು ಕಚ್ಚಿಸಿ, ಕೊಳವೆ ಇಳಿಸಿದರು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. "ಉಸಿರಾಡಿ, ಉಸಿರಾಡಿ, ಮುಗೀತು" ಎಂದು ನರ್ಸು ಹೇಳುತ್ತಲೇ ಇದ್ದಳು, ಅದು ಮುಗಿಯುತ್ತಿರಲಿಲ್ಲ. ಡಾಕ್ಟರು ಸಣ್ಣ ಚಿಮುಟವನ್ನು ಕೊಳವೆಯೊಳಗೆ ತೂರಿಸಿ, ತೆಗೆದು, ಮತ್ತೆ ತೂರಿಸಿ ಚೂರುಗಳನ್ನು ಕೀಳುತ್ತಿದ್ದರು. ನೋವಿರಲಿಲ್ಲ. ಒಳಗೆ ಯಾರೋ ಅಂಗಿಯ ತುದಿ ಹಿಡಿದು ಮೆಲ್ಲಗೆ ಎಳೆದ ಹಾಗೆ ಅಷ್ಟೆ. ಪಕ್ಕದ ಟ್ರೇಯಲ್ಲಿ ಬೆರಳುದ್ದದ ಎರಡು ಸೀಸೆಗಳಿದ್ದವು. ಕೆಲವು ಚೂರು ಒಂದಕ್ಕೆ, ಕೆಲವು ಇನ್ನೊಂದಕ್ಕೆ. ಕಣ್ಣೀರಿನ ನಡುವೆಯೂ ಅವಳು ಅದನ್ನು ಗಮನಿಸಿದಳು. ದಿನವಿಡೀ ಎಡಗಡೆ ಬಲಗಡೆ ವಿಂಗಡಿಸುವ ಕಣ್ಣು ಸುಮ್ಮನಿರುವುದಿಲ್ಲ.

ವರದಿ ಬಂದ ದಿನ ಡಾಕ್ಟರು ಅವಳನ್ನು ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದರು. ಚಿತ್ರ ಕಾಲುಚೀಲದ ಹಾಗೇ ಇತ್ತು.

"ನೋಡಿ ಅಮ್ಮ, ಇಲ್ಲಿ ಕೆಳಗಿಂದ ತೆಗೆದ ಚೂರು ಒಂದು ಸೀಸೇಲಿ, ಮೇಲಿಂದ ತೆಗೆದದ್ದು ಇನ್ನೊಂದರಲ್ಲಿ. ನಿಮ್ಮ ಹೊಟ್ಟೇಲಿ ಒಂದು ರೋಗಾಣು ಇದೆ, ಬಹಳ ಜನಕ್ಕೆ ಇರುತ್ತೆ. ವರ್ಷಾನುಗಟ್ಟಲೆ ಅದು ಕೆರೆದು ಕೆರೆದು ಒಳಪದರ ತೆಳುವಾಗಿದೆ. ಅಲ್ಲಲ್ಲಿ ಕರುಳಿನ ಪದರದ ಥರ ಬದಲಾಗಿದೆ. ಕೆಳಗಡೆ ಮಾತ್ರ ಹಾಗಿದ್ರೆ ನಾನು ಇಷ್ಟು ಹೇಳ್ತಿರಲಿಲ್ಲ. ನಿಮಗೆ ಎರಡೂ ಕಡೆ ಇದೆ. ಅದರ ಮೇಲೆ ನಿಮ್ಮ ಮನೇಲಿ ಎರಡು ಜನಕ್ಕೆ ಕ್ಯಾನ್ಸರ್ ಬಂದಿದೆ."

"ಅಂದ್ರೆ ಅಮ್ಮಂದೇ ನನಗೂ?"

"ಅಲ್ಲ. ಇದು ಕ್ಯಾನ್ಸರ್ ಅಲ್ಲ. ಹೀಗಿರೋರಲ್ಲಿ ಹೆಚ್ಚಿನವರಿಗೆ ಅದು ಯಾವತ್ತೂ ಬರಲ್ಲ. ಆದ್ರೆ ಬರೋದಿದ್ರೆ ಸಾಮಾನ್ಯವಾಗಿ ಈ ದಾರೀಲೇ ಬರುತ್ತೆ. ಅದಕ್ಕೇ ನಾವು ದಾರೀಲಿ ಕೂತು ಕಾಯೋದು. ಈಗ ಎರಡು ವಾರ ಮಾತ್ರೆ ತಗೊಂಡು ರೋಗಾಣು ಓಡಿಸಿ. ಆಮೇಲೆ ಬಿಡದೆ ಬಂದು ಚೂರು ಕೊಟ್ಟು ಹೋಗ್ತಾ ಇರಿ. ನಿಮ್ಮ ತಮ್ಮ, ತಂಗಿ ಯಾವಾಗ ಬರ್ತಾರೆ?"

ಅಕ್ಕ ನಾಚಿಕೆಯಿಂದ ಕಟ್ಟಿಗೊಂದು ಜೋಡಿಯ ಲೆಕ್ಕ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ನಗಬೇಕೋ ಬೈಯಬೇಕೋ ಅವರಿಗೆ ತಿಳಿಯಲಿಲ್ಲ.

"ಒಂದೇ ಹೊಟ್ಟೇಲಿ ಒಂದು ಚೂರು ಸಾಲದು ಅಂತ ಐದು ಕಡೆ ಚಿವುಟಿದೀನಿ. ಪಕ್ಕಪಕ್ಕದ ಜಾಗವೇ ಒಂದರ ಹಾಗೆ ಇನ್ನೊಂದಿರಲ್ಲ. ನಿಮ್ಮ ಚೂರು ನೋಡಿ ನಿಮ್ಮ ತಮ್ಮನ ಹೊಟ್ಟೆ ಹೇಳೋಕೆ ನಾನೇನು ಕಣಿ ಹೇಳೋಳಾ? ಇಬ್ಬರನ್ನೂ ಕಳಿಸಿ."

ಆ ಭಾನುವಾರ ಎಲ್ಲರೂ ಬಂದರು. ತಮ್ಮ ಚಪ್ಪಲಿ ಬಿಡುವ ಮೊದಲೇ "ಪಾಸಾ ಅಕ್ಕ?" ಎಂದ. ಅವನ ಹೆಂಡತಿ ಅವನ ಬೆನ್ನಿಗೆ ತಿವಿದಳು. ಪುಟ್ಟಿ ಕೇಕ್ ತಂದಿದ್ದಳು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪುಟ್ಟಿಯ ಕಣ್ಣು ತುಂಬಿತು. ಆಮೇಲೆ ತಮ್ಮ ಆಡಿದ ಮಾತನ್ನು ಬರೆಯುವುದಕ್ಕೂ ಸಿಟ್ಟು ಬರುತ್ತದೆ.

"ಒಂದೊಂದು ಮನೇಲಿ ಒಬ್ಬೊಬ್ಬರಿಗೆ ಅಂತ ಇರುತ್ತೆ ಅಕ್ಕ. ಆ ಕಾಲದಲ್ಲಿ ಮಾವನಿಗೆ ಬಂತು, ಆಮೇಲೆ ಅಮ್ಮನಿಗೆ. ಈಗ ಅಮ್ಮನ ಪಾಲು ನಿನಗೆ ಬಂದಿದೆ. ಏನ್ಮಾಡೋದು? ನಮ್ಮೆಲ್ಲರದನ್ನೂ ನೀನೇ ತಗೊಂಡೆ. ಡಾಕ್ಟರು ಹೇಳ್ತಾರಲ್ಲ, ನೋಡ್ಕೊಂಡ್ರೆ ಏನೂ ಆಗಲ್ಲ ಅಂತ."

ಅಮ್ಮನ ಪಾತ್ರೆ ಪಡಗ ಹಂಚಿಕೊಳ್ಳುವಾಗ ಮಾತ್ರ ಮೂವರಿಗೂ ಸಮಪಾಲು. ಇದೊಂದು ಹಿರಿಯ ಮಗಳಿಗೆ ಪೂರ್ತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ಎಮ್ಮೆ ತಾನೇ ಹೋಗಿ ಬರೆ ಹಾಕಿಸಿಕೊಂಡು ಬಂದಿತ್ತು, ಎತ್ತು ತನಗೆ ಜ್ವರ ಬಿಟ್ಟಿತೆಂದು ಬೀಗುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಳ್ಳುವ ಜಾತಿಯವನು ತಮ್ಮ. ಆದರೆ ಅವನ ಬಸ್ಸಿನಲ್ಲಿ ಸೀಟಿನ ಪಕ್ಕ ಗುಲಾಬಿ ಬಣ್ಣದ ಹೊಟ್ಟೆಯುರಿ ಔಷಧಿಯ ಬಾಟಲಿ ಇರುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವನು ಅದನ್ನು ಮುಚ್ಚಳಕ್ಕೂ ಸುರಿಯದೆ ಎತ್ತಿ ಕುಡಿಯುವುದನ್ನು ಅವಳು ಹಿಂದಿನ ಸೀಟಿನಿಂದ ನೋಡಿದ್ದಳು. ಅವನ ಪ್ಯಾಂಟು ಬೆಲ್ಟಿನಲ್ಲಿ ನೆರಿಗೆಗಟ್ಟಿ ನಿಲ್ಲುತ್ತಿತ್ತು. ಅಮ್ಮನ ಬಟ್ಟೆಯೂ ಹಾಗೇ ಮೊದಲು ಸಡಿಲವಾಗಿತ್ತು.

ಅಕ್ಕ ಎದ್ದಳು. ಚೀಲದಿಂದ ಮಾತ್ರೆಗಳ ಪೊಟ್ಟಣ ತೆಗೆದು ಎಲ್ಲರಿಗೂ ಕಾಣುವ ಹಾಗೆ ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು.

"ಇದು ಇಲ್ಲೇ ಇರುತ್ತೆ. ನೀವಿಬ್ಬರೂ ಹೋಗಿ ಚೂರು ತೆಗೆಸ್ಕೊಂಡು ಬರೋ ತನಕ ನಾನು ಇದನ್ನ ಮುಟ್ಟಲ್ಲ. ಆಸ್ಪತ್ರೆಗೂ ಹೋಗಲ್ಲ."

"ಇದೆಂಥ ಹಟ ಅಕ್ಕ, ಚಿಕ್ಕ ಮಗು ಥರ!"

"ನಾನು ಚಿಕ್ಕ ಮಗು ಆಗಿದ್ದಾಗ ಹಟ ಮಾಡಿಲ್ಲ. ಆ ಲೆಕ್ಕ ಬಾಕಿ ಇದೆ" ಎಂದು ಹೇಳಿ ಅವಳು ಕೇಕ್ ಕತ್ತರಿಸಿ ಎಲ್ಲರಿಗೂ ಕೊಟ್ಟಳು. ಕೋಪದಲ್ಲೂ ಬಡಿಸುವುದು ಬಿಡದ ಕೈ.

ಇದು ಜಾಣತನವೋ? ಖಂಡಿತ ಅಲ್ಲ. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಿದ ಹಾಗೆ. ಆದರೆ ಬಡವಿಯ ಹತ್ತಿರ ಇರುವುದು ಅದೊಂದೇ ಮೂಗು. ದಿನಾ ಬೆಳಿಗ್ಗೆ ಉಪ್ಪಿನ ಡಬ್ಬಿಗೆ ಕೈ ಹಾಕುವಾಗ ಪೊಟ್ಟಣ ಕಾಣುತ್ತಿತ್ತು, ದಿನಾ ಅವಳಿಗೆ ಹೆದರಿಕೆಯಾಗುತ್ತಿತ್ತು. ಒಳಗೆ ಆ ರೋಗಾಣು ಕೆರೆಯುತ್ತಿರುವುದು ಕೇಳಿಸಿದ ಹಾಗೆ ಭ್ರಮೆ. ಕಾರ್ಖಾನೆಯಲ್ಲಿ ಮರದ ಕಾಲಿಗೆ ಚೀಲ ತೊಡಿಸಿ ಮರೆತು ನಿಂತುಬಿಡುತ್ತಿದ್ದಳು. ಎಡಗಡೆ ಕಟ್ಟುಗಳು ಬೆಳೆದು ಗೋಪುರವಾದವು. ಮೇಸ್ತ್ರಿ ಗೊಣಗಿದ, ಆಮೇಲೆ ಅವಳ ಮುಖ ನೋಡಿ ಒಂದು ಸ್ಟೂಲು ತಂದಿಟ್ಟು ಹೋದ. ನಿಂತೇ ಕೆಲಸ ಮಾಡಿದ ಅಷ್ಟು ವರ್ಷಗಳಲ್ಲಿ ಅವಳಿಗೆ ಸ್ಟೂಲು ಸಿಕ್ಕಿದ್ದು ಅದೇ ಮೊದಲು.

ಪುಟ್ಟಿ ಫೋನು ಮಾಡಿ "ಅಣ್ಣ ಹೋದ ದಿನವೇ ನಾನೂ ಹೋಗ್ತೀನಿ, ನೀನು ಮಾತ್ರೆ ತಗೋ" ಎನ್ನುತ್ತಿದ್ದಳು. ಅವಳ ಬಗ್ಗೆ ಅಕ್ಕನಿಗೆ ಚಿಂತೆಯಿರಲಿಲ್ಲ. ಗುಂಡುಕಲ್ಲಿನ ಹಾಗಿದ್ದಳು, ಕಲ್ಲು ತಿಂದರೂ ಕರಗಿಸಿಕೊಳ್ಳುವವಳು. ಚಿಂತೆಯೆಲ್ಲ ಸಡಿಲ ಪ್ಯಾಂಟಿನವನದು.

ಅವನು ಒಂದು ಸಂಜೆ ಬಂದ. ಕೈಯಲ್ಲಿ ಹಣ್ಣಿನ ಚೀಲ, ಕುತ್ತಿಗೆಗೆ ಮಫ್ಲರು. ದನಿ ಗೊಗ್ಗರು.

"ಹೋಗಿ ಬಂದೆ ಅಕ್ಕ. ಮುಗೀತು. ಅಬ್ಬಾ, ಗಂಟಲೆಲ್ಲ ಕೆರೆದು ಹೋಗಿದೆ. ಏನೂ ಇಲ್ಲ ಅಂದ್ರು. ಇನ್ನು ನೀನು ಮಾತ್ರೆ ತಗೋ."

ಅಕ್ಕ ಒಲೆಯ ಮುಂದಿನಿಂದ ತಿರುಗಿದಳು. ಅವಳಿಗೆ ಸಂತೋಷವಾಗಬೇಕಿತ್ತು, ಅರ್ಧ ಆಗಿಯೂ ಬಿಟ್ಟಿತ್ತು. ಆದರೆ ಬಾಯಿ ಕೇಳಿಬಿಟ್ಟಿತು: "ಎಷ್ಟು ಸೀಸೆ?"

"ಸೀಸೆ?"

"ಚೂರು ಹಾಕೋದಕ್ಕೆ ಇಡ್ತಾರಲ್ಲ, ಅದು."

"ಒಂದು." ಅವಳ ಮುಖ ನೋಡಿ ಅವನು ಸೇರಿಸಿದ: "ದೊಡ್ಡದು."

ಅಕ್ಕನಿಗೆ ನಗು ಬಂತು. ಅಮ್ಮ ಹೋದ ಮೇಲೆ ಅವಳು ನಕ್ಕಿರಲೇ ಇಲ್ಲ. ಒಲೆಯ ಕಟ್ಟೆ ಹಿಡಿದುಕೊಂಡು, ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ತಮ್ಮನೂ ಕಳ್ಳ ನಗು ನಕ್ಕ, ಮಫ್ಲರು ತೆಗೆದ. ನಗುತ್ತಾ ನಗುತ್ತಾ ಅವಳು ನೆಲದ ಮೇಲೆ ಕೂತುಬಿಟ್ಟಳು. ಆಗ ಅದು ನಗುವಲ್ಲವೆಂದು ಅವನಿಗೆ ಗೊತ್ತಾಯಿತು.

"ನನಗೆ ಸಾಕಾಗಿದೆ ಕಣೋ" ಎಂದಳು. "ಅಮ್ಮನ ಬಾಯಿಗೆ ಗಂಜಿ ಹಿಡಿದೆ. ಹಿಡಿದೆ ಅಂತ ಬೇಜಾರಿಲ್ಲ. ಆದ್ರೆ ನಿನ್ನ ಬಾಯಿಗೂ ಹಿಡಿಯೋ ಶಕ್ತಿ ನನ್ನಲ್ಲಿ ಉಳಿದಿಲ್ಲ. ನಿನ್ನನ್ನ ಹಾಗೆ ನೋಡೋಕೆ ನನಗೆ ಆಗಲ್ಲ. ಅದೊಂದು ಕೆಲಸ ನನ್ನ ಕೈಲಿ ಮಾಡಿಸ್ಬೇಡ."

ಐವತ್ತು ಜನರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬಸ್ಸು ಇಳಿಸುವ ಗಂಡಸು ಅಕ್ಕನ ಪಕ್ಕ ಅದೇ ನೆಲದ ಮೇಲೆ ಕುಕ್ಕರಿಸಿದ.

"ಹೆದರಿಕೆ ಅಕ್ಕ" ಎಂದ. "ನೋಡದೇ ಇದ್ರೆ ಇಲ್ಲ ಅಂತ ಇರಬಹುದಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ. ಹೊಟ್ಟೆಯೊಳಗಿನ ಹುಣ್ಣಿಗೆ ಬೇಕು; ಜನ ಹೆದರುವುದು ಹುಣ್ಣಿಗಿಂತ ಹೆಚ್ಚಾಗಿ ಆ ಕನ್ನಡಿಗೆ. ಅಕ್ಕ ಅವನ ತಲೆ ಸವರಲಿಲ್ಲ, ಸಮಾಧಾನ ಹೇಳಲಿಲ್ಲ. "ನಾನು ಜೊತೆಗೆ ಬರ್ತೀನಿ. ಒಳಗೆ ಹೋಗೋದು ಮಾತ್ರ ನೀನೇ" ಎಂದಳು.

ಅವನು ಹೋದ. ಅದೇ ದಿನ ಪುಟ್ಟಿಯೂ ಹೋದಳು, ಅಂಗಡಿಗೆ ಅರ್ಧ ದಿನ ಬೀಗ ಹಾಕಿ, ದಾರಿಯುದ್ದಕ್ಕೂ ಅಣ್ಣನನ್ನು ರೇಗಿಸುತ್ತಾ. "ಒಂದು ದೊಡ್ಡ ಸೀಸೆ ಕೇಳಿ ಇಸ್ಕೋ ಅಣ್ಣ" ಎಂದು ಅವಳು ಹೇಳಿದ್ದಕ್ಕೆ ಆಟೋದವನೂ ನಕ್ಕ. ತಮ್ಮ ಹೊರಗೆ ಬಂದಾಗ ಮುಖ ಬಿಳಿಚಿತ್ತು, ಆದರೆ ಬಂದ. ಪುಟ್ಟಿ ಬಾಯಿ ಒರೆಸಿಕೊಳ್ಳುತ್ತಾ ಬಂದು "ಡಾಕ್ಟರು ನನ್ನ ಹೊಟ್ಟೆ ನೋಡಿ ಚೆನ್ನಾಗಿದೆ ಅಂದ್ರು, ಕೇಳಿಸ್ಕೊಳ್ಳಿ ಎಲ್ಲರೂ" ಎಂದಳು. ಮನೆಗೆ ಬಂದ ಮೇಲೆ ಅಕ್ಕ ಇಬ್ಬರ ಎದುರಿಗೇ ಮೊದಲ ಮಾತ್ರೆ ನುಂಗಿದಳು. ಬಾಯೆಲ್ಲ ಕಹಿ. ಆ ದಿನ ಅವಳು ಹಗಲೇ ಮಲಗಿ ಗಾಢವಾಗಿ ನಿದ್ದೆ ಮಾಡಿದಳು.

ತಮ್ಮನ ವರದಿಯಲ್ಲಿ ರೋಗಾಣು ಬಿಟ್ಟರೆ ಏನೂ ಇರಲಿಲ್ಲ. ಪದರ ತೆಳುವಾಗಿರಲಿಲ್ಲ, ಬದಲಾಗಿರಲಿಲ್ಲ. ಹೊಟ್ಟೆಯುರಿ ರೋಗಾಣುವಿನದು, ಖಾಲಿ ಹೊಟ್ಟೆಗೆ ಸುರಿದುಕೊಂಡ ಟೀಯದು. ಪ್ಯಾಂಟು ಸಡಿಲವಾದದ್ದು ಹೆದರಿ ಊಟ ಬಿಟ್ಟಿದ್ದಕ್ಕೆ. ಅವನು ಕಾರಿಡಾರಿನಲ್ಲೇ ಹೆಂಡತಿಗೆ ಫೋನು ಮಾಡಿ, ಯಾವುದೋ ಯುದ್ಧ ಗೆದ್ದವನ ಹಾಗೆ ಕೂಗಾಡಿದ. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಯಿತಲ್ಲ ಎಂದು ಅವಳಿಗೆ ನಿಜವಾಗಿಯೂ ಹಗುರವಾಯಿತು. ಅಷ್ಟರಲ್ಲಿ ಡಾಕ್ಟರು ಬಾಗಿಲಿಗೆ ಬಂದು "ತಂಗಿಯವರು ಒಳಗೆ ಬನ್ನಿ. ಅಕ್ಕನೂ ಬರಲಿ" ಎಂದರು.

ಪುಟ್ಟಿಯ ಹೊಟ್ಟೆಯ ಮೇಲ್ಭಾಗದಿಂದ ತೆಗೆದ ಚೂರುಗಳಲ್ಲಿ ಒಂದರಲ್ಲಿ ಜೀವಕೋಶಗಳು ಸಾಲು ತಪ್ಪಿದ್ದವು. ಅಕ್ಕನದಕ್ಕಿಂತ ಮುಂದಿನ ಹಂತ.

"ಕಣ್ಣಿಗೆ ನನಗೇನೂ ಕಂಡಿರಲಿಲ್ಲ" ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. "ಚೂರು ತೆಗೆದಿರಲಿಲ್ಲ ಅಂದ್ರೆ ಚೆನ್ನಾಗಿದೆ ಅಂತಲೇ ಮನೆಗೆ ಕಳಿಸ್ತಿದ್ದೆ. ಇನ್ನೂ ಕ್ಯಾನ್ಸರ್ ಆಗಿಲ್ಲ. ಆದ್ರೆ ಇದನ್ನ ಬಿಟ್ಟು ಕೂರೋ ಹಾಗಿಲ್ಲ. ಇನ್ನೊಂದು ಸಲ ನೀಲಿ ಬಣ್ಣ ಹಾಕಿ ಹುಡುಕಿ, ಎಲ್ಲಿದೆ ಅಂತ ನೋಡಿ, ಕೊಳವೆಯಿಂದಲೇ ಆ ಜಾಗ ಸುಲಿದು ತೆಗೀತೀವಿ. ಹೊಟ್ಟೆ ಕೊಯ್ಯೋ ಅಗತ್ಯ ಬರಲ್ಲ ಅಂದ್ಕೊಂಡಿದೀನಿ."

ಅಕ್ಕ ಪುಟ್ಟಿಯ ಮುಖ ನೋಡಿದಳು. ಅದೇ ಗುಂಡು ಮುಖ, ಅದೇ ಕೆಂಪು ಕೆನ್ನೆ. ಇಷ್ಟು ದಿನ ತಾನು ಕಾವಲು ಕೂತದ್ದು ತಪ್ಪು ಬಾಗಿಲಿಗೆ ಎಂದು ಅವಳಿಗೆ ಆಗ ತಿಳಿಯಿತು. ಹಟ ಹಿಡಿದದ್ದು ತಮ್ಮನಿಗಾಗಿ; ಪುಟ್ಟಿಯನ್ನು ಸೇರಿಸಿದ್ದು ಬರೀ ಮಾತಿಗೆ, ಒಬ್ಬನಿಗೇ ಹೇಳಿದರೆ ಅವನು ಮುನಿಸಿಕೊಳ್ಳುತ್ತಾನೆಂದು. ಅಷ್ಟೂ ಮಾಡದೆ ಹೋಗಿದ್ದರೆ? ಆ ಯೋಚನೆಯನ್ನು ಅವಳು ಅಲ್ಲೇ ನಿಲ್ಲಿಸಿದಳು, ಮುಂದೆ ಹೋಗಲು ಧೈರ್ಯವಾಗಲಿಲ್ಲ.

ಪುಟ್ಟಿ ಮಾತ್ರ ಡಾಕ್ಟರಿಗೆ "ನನಗೆ ಹಸಿವೆ ಚೆನ್ನಾಗೇ ಆಗುತ್ತಲ್ಲ" ಎಂದಳು, ಲೆಕ್ಕ ಎಲ್ಲೋ ತಪ್ಪಿರಬೇಕು ಎನ್ನುವ ದನಿಯಲ್ಲಿ. ಇನ್ನೊಮ್ಮೆಯೂ ಹೇಳಿದಳು. ಡಾಕ್ಟರು ಎರಡು ಸಲವೂ ತಾಳ್ಮೆಯಿಂದ ತಲೆಯಾಡಿಸಿದರು.

ನೀಲಿ ಬಣ್ಣ ಹಾಕಿ ಹುಡುಕಿದಾಗ ಆ ಜಾಗ ಸಿಕ್ಕಿತು, ಅಂಗಿಯ ಗುಂಡಿಯಷ್ಟು ಅಗಲ. ಅದನ್ನು ತೆಗೆಯುವ ದಿನ ತಮ್ಮ ರಜೆ ಹಾಕಿ, ಗೆಳೆಯನ ಕಾರು ತಂದು ಇಬ್ಬರನ್ನೂ ಕರೆದುಕೊಂಡು ಬಂದ. ದಾರಿಯಲ್ಲಿ ಯಾರೂ ಯಾರನ್ನೂ ರೇಗಿಸಲಿಲ್ಲ. ಆಸ್ಪತ್ರೆಯ ಆ ಮಹಡಿಯಲ್ಲಿ ಕಬ್ಬಿಣದ ಕುರ್ಚಿಗಳ ಸಾಲು, ಗೋಡೆಗೆ ತಿಳಿ ಹಸಿರು ಬಣ್ಣ, ಮೂಲೆಯಲ್ಲಿ ನೀರಿನ ಡ್ರಮ್ಮು. ಪುಟ್ಟಿ ಅಕ್ಕನ ಭುಜಕ್ಕೆ ತಲೆಯಿಟ್ಟು ಕೂತಿದ್ದಳು. ಅವಳ ಕೂದಲಿನಿಂದ ಸಲೂನಿನ ಶ್ಯಾಂಪೂ ವಾಸನೆ ಬರುತ್ತಿತ್ತು. ಅವಳ ಕೈ ತಣ್ಣಗಿತ್ತು.

ಬಾಗಿಲು ತೆರೆಯಿತು. ನರ್ಸು ಪುಟ್ಟಿಯ ಪೂರ್ತಿ ಹೆಸರು ಕೂಗಿದಳು.

ಅಕ್ಕ ಎದ್ದಳು. ಚೀಲ ಹೆಗಲಿಗೇರಿಸಿ, ಬಟ್ಟೆ ಸರಿಮಾಡಿಕೊಂಡು, ನಾಲ್ಕು ಹೆಜ್ಜೆ ನಡೆದೂಬಿಟ್ಟಳು. ಆ ಹೆಸರು ಯಾವ ಕಚೇರಿಯಲ್ಲಿ ಕೂಗಿದರೂ ಎದ್ದು ಹೋದ ಕಾಲುಗಳು ಅವು. ಅವಕ್ಕೆ ಬೇರೆ ಏನು ಗೊತ್ತು? ನರ್ಸು ಅವಳ ತೋಳು ಹಿಡಿದು "ಬನ್ನಿ" ಎಂದಳು. ಅಕ್ಕ ಹೋಗುತ್ತಲೇ ಇದ್ದಳು.

ಪುಟ್ಟಿ ಹಿಂದಿನಿಂದ ಬಂದು ಭುಜ ಹಿಡಿದಳು. "ಅಕ್ಕಾ, ಕೂತ್ಕೋ. ಅವರು ಕರೀತಿರೋದು ನನ್ನನ್ನ."

ಅಕ್ಕ ನಿಂತಳು. ಪುಟ್ಟಿ ತನ್ನ ಚಪ್ಪಲಿ ಬಿಟ್ಟು, ಕಿವಿಯ ಓಲೆ ಬಿಚ್ಚಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ನಗಲು ನೋಡಿದಳು, ಆಗಲಿಲ್ಲ. ಒಳಗೆ ಹೋದಳು. ಬಾಗಿಲು ಮುಚ್ಚಿತು.

ಅಕ್ಕ ಹಿಂದಿರುಗಿ ಬಂದು ಕೂತಳು. ಮಾಡುವುದಕ್ಕೆ ಏನೂ ಇರಲಿಲ್ಲ. ಸಾಲಿಲ್ಲ, ಸಹಿಯಿಲ್ಲ, ಹಿಡಿಯುವುದಕ್ಕೆ ಬಟ್ಟಲಿಲ್ಲ. ಒಳಗೆ ಮಲಗಿದವಳ ಬದಲು ಮಲಗಲು ಬಿಟ್ಟಿದ್ದರೆ ಅವಳು ಓಡಿ ಹೋಗುತ್ತಿದ್ದಳು, ಸಂತೋಷದಿಂದ ಹೋಗುತ್ತಿದ್ದಳು. ತನ್ನ ಹೊಟ್ಟೆಯ ವರದಿ ಕೇಳುವಾಗಲೂ ಇಷ್ಟು ಹೆದರಿರಲಿಲ್ಲ. ಓಲೆಯ ಮೊನೆ ಅಂಗೈಗೆ ಚುಚ್ಚುವಷ್ಟು ಬಿಗಿಯಾಗಿ ಮುಷ್ಟಿ ಹಿಡಿದಿದ್ದಳು. ತಮ್ಮ ಅದನ್ನು ನೋಡಿದ.

"ನನ್ನ ಕೈಲಿ ಆಗ್ತಿಲ್ಲ ಕಣೋ" ಎಂದಳು ಅಕ್ಕ. ಹಾಗೆ ಅವಳು ಯಾರಿಗೂ ಹೇಳಿಕೊಂಡವಳಲ್ಲ. "ಹೆದರಿಕೆ ಆಗ್ತಿದೆ."

ಕೆಳಗೆ ಗೆಳೆಯನ ಕಾರು ಅಡ್ಡ ನಿಂತಿತ್ತು, ತೆಗೆಯಬೇಕೆಂದು ಕಾವಲಿನವನು ಎರಡು ಸಲ ಬಂದು ಹೇಳಿಹೋದ. ತಮ್ಮ ಎದ್ದು ಹೋಗಲಿಲ್ಲ.